ಅಜ್ಜಿಯ ಬೆಳ್ಳಿ ತಾಯಿತ

ಜುಮಾ ಖುತ್ಬಾದಲ್ಲಿ ತವಕ್ಕುಲ್ ಕುರಿತು ಮಾತನಾಡಿದ ವಾರ, ಬಂದರಿನ ಒಂದು ಮನೆಯವರು ನಮ್ಮ ಬಳಿಗೆ ಬೆಳ್ಳಿಯ ತಾಯಿತವೊಂದನ್ನು ತಂದರು. ಮನೆಯ ಹಿರಿಯ ಅಜ್ಜಿ ತೀರಿಹೋಗಿದ್ದರು. ಅದನ್ನು ಕರಗಿಸಿ ಮಗುವಿಗೆ ಬಳೆ ಮಾಡಿಸಬಹುದೇ ಎಂಬುದು ಅವರ ಪ್ರಶ್ನೆ. ಕಿರುಬೆರಳು ಗಾತ್ರದ ಕೊಳವೆ, ತುದಿಗೆ ಮುಚ್ಚಳ, ದಾರ ಪೋಣಿಸಲು ಕೊಂಡಿ. ನಮ್ಮ ಪ್ರಾಯದವರಲ್ಲಿ ಅನೇಕರ ಉಡಿದಾರದಲ್ಲಿ ಚಿಕ್ಕಂದಿನಲ್ಲಿ ಇಂಥದ್ದೊಂದು ಇತ್ತು.

ಮುಚ್ಚಳ ತೆಗೆದೆವು. ಒಳಗೆ ಮೇಣ, ಮೇಣದೊಳಗೆ ಸುರುಳಿ ಸುತ್ತಿದ ಕಾಗದ, ಅದರಲ್ಲಿ ಅರ್ಧ ಮಾಸಿದ ಆಯತುಲ್ ಕುರ್ಸಿ. ನೇರವಾಗಿ ಅಂಗಡಿಗೆ ಕೊಟ್ಟಿದ್ದರೆ ಅದೂ ಮೂಸೆಗೆ ಹೋಗುತ್ತಿತ್ತು.

ಬೆಳ್ಳಿ ಇಲ್ಲಿ ಬರೇ ಹೊದಿಕೆ. ಬರಹಕ್ಕೆ ಬೆವರು, ನೀರು, ಕೊಳೆ ತಾಗದಿರಲೆಂದು. ಸಹಾರಾ ಮರುಭೂಮಿಯ ತುವಾರೆಗ್ ಮುಸ್ಲಿಮರಲ್ಲೂ ಇದೇ ರೂಢಿಯಿದೆ. ಅವರದು ಚಪ್ಪಟೆಯಾದ ಚೌಕ ಡಬ್ಬಿ, ಹೆಸರು ಚೆರೋಟ್. ಗಂಡಸರೂ ಧರಿಸುತ್ತಾರೆ. ಅಲ್ಲಿನ ಅಕ್ಕಸಾಲಿಗಳು ಹಿಂದೆ 1780ರ ಇಸವಿಯಿರುವ ಮಾರಿಯಾ ತೆರೇಸಾ ಬೆಳ್ಳಿ ನಾಣ್ಯಗಳನ್ನು ಕರಗಿಸಿ ಒಡವೆ ಮಾಡುತ್ತಿದ್ದರು. ಇಂದು ಅದೇ ಡಬ್ಬಿ ಪ್ರವಾಸಿಗರಿಗೆ ಬರೇ ಆಭರಣವಾಗಿಯೂ ಮಾರಾಟವಾಗುತ್ತದೆ.

ಇನ್ನು ವಿಧಿಯ ಮಾತು. ಜಾಹಿಲಿಯ್ಯಾ ಕಾಲದವರು ರಕ್ಷಣೆಗೆಂದು ಮಕ್ಕಳಿಗೆ ಮಣಿ, ಒಂಟೆಗಳಿಗೆ ಬಿಲ್ಲಿನ ಹಗ್ಗ ಕಟ್ಟುತ್ತಿದ್ದರು. ಪ್ರವಾದಿ(ಸ) ಅದನ್ನು ತಡೆದರು. ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕುರ್‌ಆನ್ ವಚನ ಮಾತ್ರ ಇದ್ದರೆ? ಇಲ್ಲಿ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಇಬ್ನು ಮಸ್‌ಊದ್(ರ)ರ ಶಿಷ್ಯರು ಅದನ್ನೂ ಇಷ್ಟಪಡಲಿಲ್ಲ. ಅಬ್ದುಲ್ಲಾ ಬಿನ್ ಅಮ್ರ್(ರ) ದೊಡ್ಡ ಮಕ್ಕಳಿಗೆ ದುಆ ಕಲಿಸಿ, ಕಲಿಯಲಾಗದ ಚಿಕ್ಕವರಿಗೆ ಬರೆದು ಕೊರಳಿಗೆ ಹಾಕುತ್ತಿದ್ದರೆಂದು ಅಬೂದಾವೂದ್, ತಿರ್ಮಿದಿಯಲ್ಲಿ ವರದಿಯಿದೆ. ಕಲಿಸುವುದು ಅಲ್ಲಿ ಮೊದಲು ಬಂದಿದೆ, ಗಮನಿಸಿ. ಅರ್ಥವಾಗದ ಅಂಕಿ, ಚೌಕ, ಗೀಟುಗಳಿರುವ ಕಾಗದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ನಾವು ಬರೆದುಕೊಡುವುದಿಲ್ಲ, ಕೇಳಿ ಬಂದವರಿಗೆ ಬೇಸರವಾದರೂ. ಒಂದು ಮಳೆಗಾಲದಲ್ಲಿ ಡೆಂಗಿ ಜ್ವರದ ಮಗುವಿನ ತೋಳಿಗೆ ತಾಯಿತ ಕಟ್ಟಿ ಮೂರು ದಿನ ಕಾದವರನ್ನು ಕಂಡಿದ್ದೇವೆ. ಮಗು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಆಸ್ಪತ್ರೆಗೆ ತಲುಪಿದ್ದು ನಾಲ್ಕನೆಯ ದಿನ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಳೆಯ ತಾಯಿತ ಇರಬಹುದು. ಮಾರುವ ಮೊದಲು ಬಿಚ್ಚಿ ನೋಡಿ. ಕಾಗದದ ಶಾಯಿಯನ್ನು ಶುದ್ಧ ನೀರಿನಲ್ಲಿ ತೊಳೆದು ಯಾರೂ ತುಳಿಯದ ಕಡೆ ಸುರಿಯಿರಿ, ಇಲ್ಲವೇ ಬಟ್ಟೆಯಲ್ಲಿ ಸುತ್ತಿ ಹೂಳಿರಿ. ಬೆಳ್ಳಿಯನ್ನು ಕರಗಿಸಲು ಅಡ್ಡಿಯಿಲ್ಲ.

ಆ ಕಾಗದವನ್ನು ಮಸೀದಿಯ ಹಿಂದಿನ ತೆಂಗಿನ ಬುಡದಲ್ಲಿ ಹೂಳಿದೆವು. ಕೊಳವೆ ಮನೆಯವರ ಕೈ ಸೇರಿತು. ಬಳೆಗೆ ಅಷ್ಟು ಬೆಳ್ಳಿ ಸಾಲದು, ಇನ್ನೂ ಸ್ವಲ್ಪ ಸೇರಿಸಬೇಕು ಎಂದರಂತೆ ಅಕ್ಕಸಾಲಿ.