ಗುರುತಿಲ್ಲದ ತಪ್ಪಲು ಬಾಯಿಗೆ ಹಾಕುವ ಮುನ್ನ

ಮಳೆಗಾಲ ಹಿಡಿಯಿತೆಂದರೆ ಖಾನಾಪುರ, ಜಾಂಬೋಟಿ ಕಡೆಯ ಹೆಣ್ಣುಮಕ್ಕಳು ತಗಟೆ ಸೊಪ್ಪು, ಕೆಸುವಿನ ಎಲೆ, ಕಳಲೆ ಹೊತ್ತು ಬೆಳಗಾವಿ ಪೇಟೆಗೆ ಬರುತ್ತಾರೆ. ನಮ್ಮ ಸದಾಶಿವನಗರದ ಅಡುಗೆಮನೆಗಳಲ್ಲೂ ತಪ್ಪಲು ಪಲ್ಯ ಶುರುವಾಗುತ್ತದೆ. ಇದಕ್ಕೆ ಹೆದರಬೇಕಿಲ್ಲ, ಕಿತ್ತು ತಂದವರಿಗೆ ಗಿಡ ಗೊತ್ತಿರುತ್ತದೆ. ತೊಂದರೆ ಬರುವುದು ಭಾನುವಾರ ಕಣಕುಂಬಿಗೋ ಅಸೋಗಾಕ್ಕೋ ಹೋದವರು ದಾರಿ ಬದಿಯ ಗಿಡವನ್ನು ‘ಇದು ಅದೇ ಇರಬೇಕು’ ಎಂದು ಚೀಲಕ್ಕೆ ತುಂಬಿದಾಗ.

ತಗಟೆಯನ್ನೇ ನೋಡಿ. ಮರಾಠಿ ಮಾತಾಡುವವರು ಟಾಕಳಾ ಅನ್ನುವ ಗಿಡ. ಇದರ ಹತ್ತಿರದ ಸಂಬಂಧಿ ಕಾಸಮರ್ದ ಕೂಡ ಖಾಲಿ ಸೈಟು, ರಸ್ತೆ ಅಂಚಿನಲ್ಲಿ ಬೆಳೆಯುತ್ತದೆ. ಎರಡಕ್ಕೂ ಹಳದಿ ಹೂವು. ತಗಟೆಯ ಒಂದು ಕಡ್ಡಿಯಲ್ಲಿ ಸಾಮಾನ್ಯವಾಗಿ ಮೂರು ಜೋಡಿ ಚಿಕ್ಕ ಎಲೆ, ತುದಿ ದುಂಡಗೆ. ಕಾಸಮರ್ದದಲ್ಲಿ ನಾಲ್ಕೈದು ಜೋಡಿ, ತುದಿ ಚೂಪು. ಕಾಸಮರ್ದದ ಬೀಜ ತಿಂದ ಮಕ್ಕಳಲ್ಲಿ ಯಕೃತ್ತು, ಸ್ನಾಯು, ಮೆದುಳು ಮೂರೂ ಒಟ್ಟಿಗೆ ಕೆಡುವ ಕಾಯಿಲೆಯನ್ನು ವೈದ್ಯರು ಪಶ್ಚಿಮ ಉತ್ತರ ಪ್ರದೇಶದಲ್ಲಿ ಮೊದಲು ಗುರುತಿಸಿದರು. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿಯಲ್ಲಿ ಹಲವು ಮಕ್ಕಳು ಸತ್ತಾಗಲೂ ತಜ್ಞರು ಇದೇ ಗಿಡದತ್ತ ಬೆರಳು ತೋರಿಸಿದರು. ಎಲೆಗಳ ಜೋಡಿ ಎಣಿಸುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಎಣಿಸಬೇಕೆಂದು ಮೊದಲೇ ಗೊತ್ತಿರಬೇಕಲ್ಲ!

ವಿಷ ಏಕಿರುತ್ತದೆ? ಗಿಡಕ್ಕೆ ಓಡಲು ಕಾಲಿಲ್ಲ. ಮೇಯಲು ಬಂದವರನ್ನು ದೂರವಿಡಲು ಅದು ರಾಸಾಯನಿಕಗಳನ್ನು ತಯಾರಿಸುತ್ತದೆ. ಆಲ್ಕಲಾಯ್ಡ್, ಅಂದರೆ ಸಸ್ಯಕ್ಷಾರ, ಅವುಗಳಲ್ಲಿ ಒಂದು ಬಗೆ. ಒಂದೇ ಗಿಡದ ಎಲೆ, ಬೀಜ, ಬೇರುಗಳಲ್ಲಿ ಇವುಗಳ ಪ್ರಮಾಣ ಬೇರೆ ಬೇರೆ.

‘ಕುದಿಸಿದರೆ ವಿಷ ಹೋಗುವುದಿಲ್ಲವೇ?’ ಎಂದು ಕೇಳುತ್ತೀರಿ. ಕೆಲವು ಹೋಗುತ್ತವೆ. ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಅದಕ್ಕೇ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸುವ ರೂಢಿ. ಆದರೆ ಅಗ್ನಿಶಿಖೆಯ ಗಡ್ಡೆ ಬೇರೆ ಮಾತು. ಮಳೆಗಾಲದಲ್ಲಿ ಬೇಲಿ ಹಬ್ಬಿ ಕೆಂಪು-ಹಳದಿ ಹೂ ಬಿಡುವ ಈ ಬಳ್ಳಿಯ ಗಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಅದರಲ್ಲಿರುವ ಕಾಲ್ಚಿಸಿನ್ ಬೇಯಿಸಿದರೂ ಹೋಗದು. ಮಾರಕ ಅಣಬೆಗಳ ವಿಷವೂ ಹಾಗೆಯೇ.

‘ಕಹಿ ಇದ್ದರೆ ಉಗುಳಿದರಾಯಿತು’ ಅನ್ನುವುದೂ ನಂಬುವ ಮಾತಲ್ಲ. ಬೇಲಿಗೆ ಹಾಕುವ ಜತ್ರೋಫಾ (ಮರಹರಳು) ಬೀಜದ ರುಚಿ ಶೇಂಗಾದಷ್ಟೇ ಹಿತ. ಮಕ್ಕಳು ಒಬ್ಬರಿಗೊಬ್ಬರು ಹಂಚಿ ತಿಂದು, ಸಾಲಾಗಿ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರುವುದು ಇದಕ್ಕೇ. ಇನ್ನು ಹಕ್ಕಿ ತಿಂದದ್ದನ್ನು ನಾವೂ ತಿನ್ನಬಹುದು ಎನ್ನುವವರಿಗೆ ಒಂದು ಉದಾಹರಣೆ: ನಮ್ಮ ಘಟ್ಟದ ಕಾಡಿನ ಮಂಗಟ್ಟೆ ಹಕ್ಕಿ ಕಾಸರಕದ ಹಣ್ಣು ತಿನ್ನುತ್ತದೆ. ಅದೇ ಹಣ್ಣಿನ ಬೀಜದಲ್ಲಿರುವ ಸ್ಟ್ರಿಕ್ನಿನ್ ಮನುಷ್ಯನನ್ನು ಕೊಲ್ಲುತ್ತದೆ.

ಮೊಬೈಲ್ ಆ್ಯಪ್ ಹೂವಿನ ಫೋಟೊದಿಂದ ಹೆಸರು ಊಹಿಸುತ್ತದೆ. ಊಹೆಯಷ್ಟೇ. ಹೂ ಬಿಡದ ಎಳೆ ಸೊಪ್ಪಿನಲ್ಲಂತೂ ಅದು ಎಡವುವುದು ಹೆಚ್ಚು. ಹೆಸರು ಹುಡುಕಲು ಬಳಸಿ, ಊಟ ನಿರ್ಧರಿಸಲು ಬೇಡ.

ಹಾಗಾದರೆ ಕೇಳುವುದು ಯಾರನ್ನು? ಮೊದಲು ಮಾರುವ ಮಾವಶಿಯನ್ನೇ ಕೇಳಿ. ಯಾವ ಭಾಗ, ಎಷ್ಟು ಹೊತ್ತು ಬೇಯಿಸಬೇಕು, ಹುಣಸೆ ಹಾಕಬೇಕೇ, ಎಲ್ಲ ಹೇಳುತ್ತಾರೆ. ಖರ್ಚು ಒಂದು ಕಟ್ಟು ಸೊಪ್ಪಿನ ಬೆಲೆ. ಸಂಶಯ ಉಳಿದರೆ ಎಲೆ, ಹೂ, ಕಾಯಿ ಇರುವ ಇಡೀ ರೆಂಬೆಯನ್ನು ಪೇಪರಿನ ನಡುವೆ ಇಟ್ಟು ಸಸ್ಯಶಾಸ್ತ್ರ ವಿಭಾಗವಿರುವ ಕಾಲೇಜಿಗೆ ಒಯ್ಯಿರಿ. ನೆಹರು ನಗರದಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೂ ಇದೆ, ಔಷಧಿ ಸಸ್ಯಗಳ ಸಂಶೋಧನೆಯೇ ಅಲ್ಲಿನ ಕೆಲಸ. ಹೋಗುವ ಮೊದಲು ಫೋನ್ ಮಾಡಿ ವಿಚಾರಿಸಿ. ಕಾಡಿಗೆ ಹೋಗಿ ತಾವೇ ಕೀಳುವವರು ಇದನ್ನೂ ನೆನಪಿಡಿ: ಖಾನಾಪುರ ಕಡೆಯ ಭೀಮಗಡ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಅದರೊಳಗೆ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ.

ಯಾರಾದರೂ ತಿಂದೇಬಿಟ್ಟಿದ್ದರೆ ಬಾಯಿಯಲ್ಲಿ ಉಳಿದದ್ದನ್ನು ತೆಗೆಸಿ, ಮುಕ್ಕಳಿಸಲು ಹೇಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಎಷ್ಟು ಹೊತ್ತಿಗೆ, ಎಷ್ಟು ತಿಂದರೆಂದು ಬರೆದುಕೊಳ್ಳಿ. ಉಳಿದ ಗಿಡವನ್ನು ಜೊತೆಗೇ ಒಯ್ಯಿರಿ, ವೈದ್ಯರಿಗೆ ಅದೇ ದೊಡ್ಡ ಸುಳಿವು. 108 ಆಂಬುಲೆನ್ಸ್ ಉಚಿತ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಸಂಖ್ಯೆಗೂ ಹಣ ಬೀಳುವುದಿಲ್ಲ. ‘ಈಗ ಆರಾಮಾಗಿದ್ದಾನಲ್ಲ’ ಎಂದು ಕಾಯಬೇಡಿ. ಅಗ್ನಿಶಿಖೆಯ ಲಕ್ಷಣಗಳು ಕೆಲವೊಮ್ಮೆ ಹಲವು ಗಂಟೆ ತಡವಾಗಿ ಬರುತ್ತವೆ, ಮಾರಕ ಅಣಬೆಯದು ಮರುದಿನವೂ ಆಗಬಹುದು.