ಎರಡು ದಿನ, ಒಂದೇ ಕಥೆ: ಅಜ್ಜ-ಅಜ್ಜಿಯ ಜೊತೆ ಬಾದಾಮಿ, ಐಹೊಳೆ, ಪಟ್ಟದಕಲ್ಲು

ರಜೆ ಹತ್ತಿರ ಬಂದ ಕೂಡಲೇ ಮನೆಯಲ್ಲಿ ಒಂದು ಪಟ್ಟಿ ಬೆಳೆಯತೊಡಗುತ್ತದೆ. ಹಂಪಿ, ಬಾದಾಮಿ, ವಿಜಯಪುರ, ಕೂಡಲಸಂಗಮ, ಆಲಮಟ್ಟಿ... ‘ಅಷ್ಟು ದೂರ ಹೋದಮೇಲೆ ಎಲ್ಲವನ್ನೂ ನೋಡಿಬಿಡೋಣ’ ಎನ್ನುತ್ತಾರೆ ಅಪ್ಪ. ಅವರಿಗೆ ಸಿಕ್ಕಿರುವುದು ನಾಲ್ಕೇ ದಿನ ರಜೆ. ಹೋಗಲು ಒಂದು ದಿನ, ಬರಲು ಒಂದು ದಿನ. ನೋಡಲು ಉಳಿಯುವುದು ಎರಡೇ ದಿನ.

ಆ ಎರಡು ದಿನಕ್ಕೆ ಎಂಟು ಊರು ತುರುಕಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಮಕ್ಕಳು ಅರ್ಧ ಕರ್ನಾಟಕವನ್ನು ಕಾರಿನಲ್ಲಿ ನಿದ್ದೆ ಮಾಡುತ್ತಲೇ ದಾಟುತ್ತಾರೆ. ಅಜ್ಜಿ ಮೊಣಕಾಲು ನೋವೆಂದು ಟಿಕೆಟ್ ಕೌಂಟರಿನ ಪಕ್ಕದಲ್ಲೇ ಕುಳಿತು ಎಲ್ಲರ ಚೀಲ, ಚಪ್ಪಲಿ ಕಾಯುತ್ತಾರೆ. ಗೋಡೆಯ ಮೇಲೆ ಕೆತ್ತಿರುವ ಕಥೆಗಳು ಮನೆಯಲ್ಲಿ ಚೆನ್ನಾಗಿ ಗೊತ್ತಿರುವುದು ಅಜ್ಜಿಗೇ. ಅವರೇ ಹೊರಗೆ ಕುಳಿತರೆ ಒಳಗೆ ಹೋದವರಿಗೆ ಕಥೆ ಹೇಳುವವರು ಯಾರು?

ಅದಕ್ಕೇ ಒಂದು ಸಲಹೆ. ಒಂದೇ ಊರಿನಲ್ಲಿ ಬಿಡಾರ ಹೂಡಿ. ದಿನಕ್ಕೊಂದರಂತೆ ಎರಡೇ ಪ್ರವಾಸ ಇಟ್ಟುಕೊಳ್ಳಿ. ಆ ಎರಡೂ ಒಂದೇ ಕಥೆಯ ಎರಡು ಭಾಗವಾಗಿರಲಿ. ಬಾಗಲಕೋಟೆ ಜಿಲ್ಲೆಯ ಬಾದಾಮಿ ಇದಕ್ಕೆ ಹೇಳಿ ಮಾಡಿಸಿದ ಊರು. ಗದಗದಿಂದ ವಿಜಯಪುರಕ್ಕೆ ಹೋಗುವ ರೈಲುಮಾರ್ಗದಲ್ಲೇ ಬಾದಾಮಿ ನಿಲ್ದಾಣವಿದೆ. ಅಲ್ಲಿಂದ ಊರಿಗೆ ಸುಮಾರು 5 ಕಿ.ಮೀ. ಪಟ್ಟದಕಲ್ಲು ಬಾದಾಮಿಯಿಂದ ಸುಮಾರು 22 ಕಿ.ಮೀ., ಐಹೊಳೆ ಸುಮಾರು 35 ಕಿ.ಮೀ. ಎರಡು ರಾತ್ರಿಯೂ ಅದೇ ಕೋಣೆ, ಅದೇ ಹಾಸಿಗೆ. ದಿನವೂ ಪೆಟ್ಟಿಗೆ ಕಟ್ಟುವ ಕೆಲಸವಿಲ್ಲ.

ಒಂದು ಹತ್ತುವುದು, ಒಂದು ನಡೆಯುವುದು, ಒಂದು ಕೂರುವುದು

ದಿನದ ಲೆಕ್ಕ ಹಾಕಲು ಒಂದು ಸುಲಭ ಸೂತ್ರವಿದೆ. ಪ್ರತಿ ದಿನ ಹತ್ತಿ ನೋಡುವ ಜಾಗ ಒಂದೇ ಇರಲಿ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆದು ನೋಡುವ ಜಾಗ ಒಂದಿರಲಿ. ಸುಮ್ಮನೆ ಕುಳಿತು ನೋಡುವ ಜಾಗವೂ ಒಂದಿರಲಿ. ಹತ್ತುವುದನ್ನು ಬೆಳಗಿನ ತಂಪಿನಲ್ಲೇ ಮುಗಿಸಿ. ಮಧ್ಯಾಹ್ನ ಎರಡು ಗಂಟೆ ಊಟ, ವಿಶ್ರಾಂತಿಗೆ ಬಿಡಿ. ಇಲ್ಲಿಯ ಬಂಡೆಗಳು ಬಿಸಿಲಿಗೆ ಬೇಗ ಕಾಯುತ್ತವೆ. ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆಗಿಂತ ದಸರಾ ಅಥವಾ ಡಿಸೆಂಬರ್ ರಜೆ ಒಳ್ಳೆಯದು. ಜನವರಿಯಲ್ಲಿ ಹೋಗುವವರು ಬನದ ಹುಣ್ಣಿಮೆ ಯಾವಾಗ ಎಂದು ಪಂಚಾಂಗದಲ್ಲಿ ನೋಡಿಕೊಳ್ಳಿ. ಆಗ ಹತ್ತಿರದ ಬನಶಂಕರಿಯಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ, ಕೋಣೆ ಸಿಗುವುದು ಕಷ್ಟ.

ಮೊದಲ ದಿನ: ಗೆದ್ದ ಊರು, ಸೋತ ಊರು

ಬಾದಾಮಿಯ ಹಳೆಯ ಹೆಸರು ವಾತಾಪಿ. ಬೆಳಗಿನ ತಿಂಡಿಯ ಹೊತ್ತಿಗೆ ಅಜ್ಜ ಅಥವಾ ಅಜ್ಜಿ ಈ ಹೆಸರಿನ ಕಥೆ ಶುರುಮಾಡಲಿ. ಇಲ್ವಲ, ವಾತಾಪಿ ಎಂಬ ಇಬ್ಬರು ರಾಕ್ಷಸ ಸಹೋದರರು. ವಾತಾಪಿ ಟಗರಾಗುತ್ತಿದ್ದ. ಇಲ್ವಲ ಅವನನ್ನೇ ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಿದ್ದ. ಊಟ ಮುಗಿದಮೇಲೆ ‘ವಾತಾಪಿ, ಬಾ’ ಎಂದರೆ ಅವನು ಅತಿಥಿಯ ಹೊಟ್ಟೆ ಸೀಳಿ ಹೊರಗೆ ಬರುತ್ತಿದ್ದ. ಅಗಸ್ತ್ಯ ಮುನಿಯ ಹತ್ತಿರ ಮಾತ್ರ ಈ ಆಟ ನಡೆಯಲಿಲ್ಲ. ಮುನಿ ಹೊಟ್ಟೆ ಸವರಿಕೊಂಡು ವಾತಾಪಿಯನ್ನು ಅಲ್ಲೇ ಅರಗಿಸಿಕೊಂಡುಬಿಟ್ಟ. ಮಗುವಿಗೆ ಹಾಲು ಕುಡಿಸಿ ಹೊಟ್ಟೆ ಸವರುವಾಗ ಇವತ್ತಿಗೂ ಅಜ್ಜಿಯರು ವಾತಾಪಿಯ ಹೆಸರು ಹೇಳುವುದು ಇದೇ ಕಾರಣಕ್ಕೆ. ಊರ ನಡುವಿನ ದೊಡ್ಡ ಕೆರೆಯ ಹೆಸರೂ ಅಗಸ್ತ್ಯ ತೀರ್ಥ.

ಇದು ಪುರಾಣವಾಯಿತು. ಇತಿಹಾಸ ಬಂಡೆಯ ಮೇಲಿದೆ. ಕ್ರಿ.ಶ. 543ರಲ್ಲಿ ಚಾಲುಕ್ಯರ ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ. ಆ ವಿಷಯ ಹೇಳುವ ಶಾಸನ ಇಲ್ಲಿನ ಬಂಡೆಯೊಂದರ ಮೇಲೆ ಸಿಕ್ಕಿದೆ. ಮಕ್ಕಳೇ, ಒಂದು ಪುಟ್ಟ ನೋಟ್‌ಬುಕ್ ಜೊತೆಗಿರಲಿ. ಅದರಲ್ಲಿ ಮೊದಲ ಇಸವಿಯಾಗಿ 543 ಎಂದು ಬರೆದುಕೊಳ್ಳಿ.

ಟಿಕೆಟ್ ಕೌಂಟರ್ ತೆರೆಯುವ ಹೊತ್ತಿಗೇ ಗುಹಾಲಯಗಳ ಹತ್ತಿರ ಇರಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಮರಳುಗಲ್ಲಿನ ಬೆಟ್ಟವನ್ನು ಕೊರೆದು ಮಾಡಿದ ನಾಲ್ಕು ಗುಹೆಗಳು ಒಂದರ ಮೇಲೊಂದು ಎತ್ತರದಲ್ಲಿವೆ. ಮೊದಲನೆಯದಕ್ಕೆ ಹತ್ತುವ ಮೆಟ್ಟಿಲು ಕಡಿಮೆ. ಮೊಣಕಾಲು ನೋವಿರುವವರೂ ನಿಧಾನವಾಗಿ ಹತ್ತಿ ಅಲ್ಲಿಯವರೆಗೆ ಬರಬಹುದು. ಬಾದಾಮಿಯ ಹೆಸರಾಂತ ನಟರಾಜ ಇರುವುದೂ ಈ ಮೊದಲ ಗುಹೆಯಲ್ಲೇ. ಅವನಿಗೆ ಎಷ್ಟು ಕೈಗಳಿವೆ ಎಂದು ಮಕ್ಕಳೇ ಎಣಿಸಲಿ. ಹದಿನೆಂಟು ಬರಬೇಕು. ಗುಹೆಯ ಜಗುಲಿಯ ಬುಡದಲ್ಲಿ ಕುಣಿಯುವ, ಹಾಡುವ, ಹಲ್ಲು ಕಿರಿಯುವ ಕುಳ್ಳ ಗಣಗಳ ಸಾಲಿದೆ. ದೊಡ್ಡವರು ನಟರಾಜನನ್ನು ನೋಡುತ್ತಿರುವಾಗ ಮಕ್ಕಳು ಬಗ್ಗಿ ಇವುಗಳನ್ನು ನೋಡಿದರೆ ಎದ್ದು ಬರಲು ಮನಸ್ಸಾಗದು.

ಎರಡನೆಯ ಗುಹೆಯಲ್ಲಿ ತ್ರಿವಿಕ್ರಮ, ವರಾಹ. ಮೂರನೆಯದು ನಾಲ್ಕರಲ್ಲೇ ದೊಡ್ಡದು. ಅಲ್ಲಿ ಶೇಷನ ಮೇಲೆ ಕುಳಿತ ವಿಷ್ಣು ಇದ್ದಾನೆ. ಮಲಗಿದ ವಿಷ್ಣುವನ್ನೇ ನೋಡಿದವರಿಗೆ ಇದೊಂದು ಹೊಸ ನೋಟ. ಈ ಗುಹೆಯನ್ನು ಮಾಡಿಸಿದವನು ಮಂಗಳೇಶ. ಅಲ್ಲಿನ ಶಾಸನದ ಕಾಲ ಶಕವರ್ಷ 500, ಅಂದರೆ ಕ್ರಿ.ಶ. 578. ಇದು ನೋಟ್‌ಬುಕ್ಕಿನ ಎರಡನೆಯ ಇಸವಿ. ನಾಲ್ಕನೆಯದು ಜೈನ ಗುಹೆ. ಅಲ್ಲಿ ಬಾಹುಬಲಿಯ ಕೈಕಾಲಿಗೆ ಬಳ್ಳಿ ಸುತ್ತಿದೆ.

ಅಜ್ಜ-ಅಜ್ಜಿ ಮೇಲಿನ ಗುಹೆಗಳಿಗೆ ಬರಲಾಗದಿದ್ದರೆ ಮಕ್ಕಳಿಗೆ ಒಂದು ಜವಾಬ್ದಾರಿ ಇದೆ. ಮೂರು ಗುಹೆಗಳಲ್ಲಿ ಒಂದೊಂದು ಶಿಲ್ಪ ಆರಿಸಿ, ಚಿತ್ರ ತೆಗೆದುಕೊಂಡು ಕೆಳಗೆ ಬಂದು ತೋರಿಸಬೇಕು. ‘ಇದು ಯಾರು?’ ಎಂದು ನೀವು ಕೇಳಿ, ಉತ್ತರ ಅವರು ಹೇಳಲಿ.

ಎರಡು ಎಚ್ಚರಿಕೆ. ಇಲ್ಲಿ ಕೋತಿಗಳ ಹಾವಳಿ ಹೆಚ್ಚು. ಬಾಳೆಹಣ್ಣು, ಬಿಸ್ಕತ್ತಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಹೋಗಬೇಡಿ. ಕೆರೆಯ ಮೆಟ್ಟಿಲ ಮೇಲೆ ಪಾಚಿ ಕಟ್ಟಿರಬಹುದು. ಮಕ್ಕಳ ಕೈ ಬಿಡಬೇಡಿ.

ಊಟ, ವಿಶ್ರಾಂತಿ ಮುಗಿಸಿ ಸಂಜೆ ಕೆರೆಯ ಆಚೆ ದಡಕ್ಕೆ ಹೋಗಿ. ದಾರಿಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಶುಕ್ರವಾರ ಅದಕ್ಕೆ ರಜೆ. ಕೆರೆಯ ಪೂರ್ವದ ತುದಿಯಲ್ಲಿ, ನೀರಿಗೆ ತಾಗಿಕೊಂಡೇ ಭೂತನಾಥ ಗುಡಿ. ಪಡುವಣ ಬಿಸಿಲು ಬಿದ್ದಾಗ ಕಲ್ಲು ಕೆಂಪು ಚಿನ್ನದಂತೆ ಹೊಳೆಯುತ್ತದೆ. ಇದೇ ಇಂದಿನ ಕೂರುವ ಜಾಗ.

ಅಲ್ಲಿ ಕುಳಿತು ಮಕ್ಕಳಿಗೆ ಮೂರನೆಯ ಇಸವಿ ಹೇಳಿ: 642. ಆ ವರ್ಷ ಕಂಚಿಯ ಪಲ್ಲವ ದೊರೆ ಒಂದನೇ ನರಸಿಂಹವರ್ಮ ದಂಡೆತ್ತಿ ಬಂದು ಈ ಊರನ್ನು ಗೆದ್ದ. ‘ವಾತಾಪಿಕೊಂಡ’ ಎಂಬ ಬಿರುದನ್ನೇ ಪಡೆದ. ಬಾದಾಮಿಯ ಬಂಡೆಯೊಂದರ ಮೇಲೆ ತನ್ನ ಶಾಸನವನ್ನೂ ಬರೆಸಿದ. ರಾಜಧಾನಿಯನ್ನು ಮರಳಿ ಪಡೆಯಲು ಚಾಲುಕ್ಯರಿಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಈಗ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ. ‘ಮುಂದೊಂದು ದಿನ ಚಾಲುಕ್ಯರು ಕಂಚಿಯನ್ನು ಗೆದ್ದರು. ಆಗ ಅವರು ಅಲ್ಲಿ ಏನು ಮಾಡಿರಬಹುದು?’ ಉತ್ತರ ಹೇಳಬೇಡಿ. ಅದು ನಾಳೆ ಸಂಜೆಗಿರಲಿ.

ಎರಡನೆಯ ದಿನ: ಮೊದಲು ಐಹೊಳೆ, ಆಮೇಲೆ ಪಟ್ಟದಕಲ್ಲು

ಬಾಡಿಗೆ ಕಾರನ್ನು ಇಡೀ ದಿನಕ್ಕೆ ಹಿಂದಿನ ಸಂಜೆಯೇ ಗೊತ್ತುಮಾಡಿಕೊಳ್ಳಿ. ಐಹೊಳೆಗೆ ಹೋಗುವಾಗ ಪಟ್ಟದಕಲ್ಲು ದಾರಿಯಲ್ಲೇ ಸಿಗುತ್ತದೆ. ‘ಇಲ್ಲೇ ಇಳಿಯೋಣ’ ಎಂದು ಮಕ್ಕಳು ಹಟ ಹಿಡಿದರೂ ಮುಂದೆ ಹೋಗಿ. ಐಹೊಳೆಯಲ್ಲಿ ಒಂದು ಗುಡ್ಡ ಹತ್ತಬೇಕು, ಅದು ಬೆಳಿಗ್ಗೆಯೇ ಆಗಬೇಕು.

ಆ ಗುಡ್ಡದ ಮೇಲಿರುವುದು ಮೇಗುತಿ ಜಿನಾಲಯ. ಅದರ ಹೊರಗೋಡೆಯ ಮೇಲಿನ ಶಾಸನವನ್ನು ಬರೆದವನು ರವಿಕೀರ್ತಿ. ಕಾಲ ಕ್ರಿ.ಶ. 634. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಉತ್ತರದ ಹರ್ಷವರ್ಧನನನ್ನು ಇಮ್ಮಡಿ ಪುಲಕೇಶಿ ಸೋಲಿಸಿದ್ದನ್ನು ಕವಿ ಇಲ್ಲಿ ಹೊಗಳುತ್ತಾನೆ. ಹೆಸರಿನಲ್ಲೇ ಹರ್ಷವಿದ್ದವನ ಹರ್ಷ ಹಾರಿಹೋಯಿತೆಂದು ಮಾತಿನ ಚಮತ್ಕಾರವನ್ನೂ ಮಾಡುತ್ತಾನೆ. ತನ್ನ ಕೀರ್ತಿ ಕಾಳಿದಾಸ, ಭಾರವಿಯರ ಕೀರ್ತಿಗೆ ಸಮಾನವೆಂದು ಹೇಳಿಕೊಳ್ಳಲೂ ಅವನಿಗೆ ಸಂಕೋಚವಿಲ್ಲ! ಆ ಜಂಬದಿಂದ ನಮಗೆ ಲಾಭವೇ ಆಯಿತು. ಕಾಳಿದಾಸ 634ಕ್ಕಿಂತ ಮೊದಲೇ ಹೆಸರಾಗಿದ್ದ ಎಂಬುದು ಇದರಿಂದ ಖಚಿತವಾಯಿತು. ಭಾರತ ಯುದ್ಧ ಕಳೆದು 3,735 ವರ್ಷ ಆಯಿತೆಂದೂ ಇದೇ ಶಾಸನ ಲೆಕ್ಕ ಹೇಳುತ್ತದೆ.

ಮಕ್ಕಳೇ, ನೋಟ್‌ಬುಕ್ಕಿನಲ್ಲಿ 634ನ್ನು ಎಲ್ಲಿ ಬರೆಯುತ್ತೀರಿ? 642ರ ಮೇಲೆ. ಇವೆರಡರ ನಡುವೆ ಎಂಟೇ ವರ್ಷ. ಇಷ್ಟು ಹೊಗಳಿಸಿಕೊಂಡ ಪುಲಕೇಶಿಯ ರಾಜಧಾನಿ ಎಂಟು ವರ್ಷದಲ್ಲಿ ಕೈಬಿಟ್ಟುಹೋಯಿತು. ಇದನ್ನು ಗುಡ್ಡದ ಮೇಲೆ ನಿಂತೇ ಮಾತಾಡಿ.

ಮಕ್ಕಳು ಗುಡ್ಡ ಹತ್ತುವಾಗ ಹಿರಿಯರು ಕೆಳಗಿನ ದುರ್ಗ ಗುಡಿಯ ಆವರಣದಲ್ಲಿರಬಹುದು. ಅಲ್ಲಿ ನೆಲ ಸಮತಟ್ಟಾಗಿದೆ. ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ. ಹೆಸರು ಕೇಳಿ ಇದು ದುರ್ಗಾದೇವಿಯ ಗುಡಿ ಎಂದುಕೊಳ್ಳುವವರೇ ಹೆಚ್ಚು. ಇಲ್ಲಿ ‘ದುರ್ಗ’ ಎಂದರೆ ಕೋಟೆ. ಪಕ್ಕದ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಹಿಂದೊಮ್ಮೆ ಅಲ್ಲಿ ವಾಸವಾಗಿದ್ದವನಿಂದ. ಅದರ ಚಾವಣಿ ನೋಡಿ. ಮರದ ತೊಲೆ ಹಾಸಿದಂತೆ ಉದ್ದುದ್ದ ಕಲ್ಲುಗಳನ್ನು ಹಾಸಿದ್ದಾರೆ. ಮರದ ಮನೆ ಕಟ್ಟಿ ಗೊತ್ತಿದ್ದ ಕೈಗಳು ಕಲ್ಲಿನಲ್ಲಿ ಕಟ್ಟಲು ಕಲಿಯುತ್ತಿದ್ದುದು ಕಣ್ಣಿಗೆ ಕಾಣುತ್ತದೆ. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಈ ಮೂರು ನೋಡಿದರೆ ಒಂದು ಬೆಳಗಿಗೆ ಸಾಕು.

ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರಿನ ಊಟ ಮುಗಿಸಿ, ಬಿಸಿಲು ಇಳಿಯತೊಡಗಿದಾಗ ಪಟ್ಟದಕಲ್ಲಿಗೆ ಬನ್ನಿ. ಮಲಪ್ರಭಾ ನದಿಯ ದಡದ ಈ ಊರು 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ ಬೆಟ್ಟವಿಲ್ಲ. ಹುಲ್ಲುಹಾಸಿನ ನಡುವೆ ಗುಡಿಗಳು ಒಂದರ ಪಕ್ಕ ಒಂದಿವೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೇ ನಡೆಯಬಹುದು.

ಮಕ್ಕಳಿಗೆ ಇಲ್ಲಿ ಒಂದು ಆಟ. ಶಿಖರಗಳನ್ನು ನೋಡಿ ಎರಡು ಗುಂಪು ಮಾಡಬೇಕು. ಮೇಲೆ ಹೋದಂತೆ ಬಾಗಿ ಒಳಗೆ ಸೇರುವುದು ಉತ್ತರದ ನಾಗರ ಶೈಲಿ. ಮೆಟ್ಟಿಲು ಮೆಟ್ಟಿಲಾಗಿ ಏರುವುದು ದಕ್ಷಿಣದ ದ್ರಾವಿಡ ಶೈಲಿ. ಗಳಗನಾಥ ಗುಡಿ ಮೊದಲನೆಯ ಗುಂಪು, ಸಂಗಮೇಶ್ವರ ಎರಡನೆಯದು. ಉತ್ತರ, ದಕ್ಷಿಣ ಎರಡೂ ಒಂದೇ ಅಂಗಳದಲ್ಲಿ ನಿಂತಿವೆ.

ಕೊನೆಯಲ್ಲಿ ವಿರೂಪಾಕ್ಷ ಗುಡಿಗೆ ಬನ್ನಿ. ಇಲ್ಲಿ ಈಗಲೂ ಪೂಜೆ ನಡೆಯುತ್ತದೆ. ಚಪ್ಪಲಿ ಬಿಡಬೇಕಾದ್ದರಿಂದ ಹತ್ತಿಯ ಕಾಲುಚೀಲ ತಂದಿದ್ದರೆ ಕಾದ ಕಲ್ಲಿನ ಮೇಲೆ ನಡೆಯುವುದು ಸುಲಭ. ಎದುರಿಗೆ ಕರಿಕಲ್ಲಿನ ದೊಡ್ಡ ನಂದಿ. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಪ್ರಸಂಗಗಳು. ಕಂಬದಿಂದ ಕಂಬಕ್ಕೆ ಮೊಮ್ಮಕ್ಕಳ ಕೈಹಿಡಿದು ಕರೆದೊಯ್ಯುವ ಕೆಲಸ ಈಗ ಅಜ್ಜಿಯದು.

ಪ್ರಶ್ನೆಗೆ ಉತ್ತರ

ನಂದಿಮಂಟಪದ ಹತ್ತಿರ ಕುಳಿತು ನಿನ್ನೆಯ ಪ್ರಶ್ನೆಯನ್ನು ಎತ್ತಿಕೊಳ್ಳಿ. ಬಾದಾಮಿ ಸೋತು ಸುಮಾರು ನೂರು ವರ್ಷದ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಆದರೆ ಊರನ್ನು ಹಾಳುಮಾಡಲಿಲ್ಲ. ಕಂಚಿಯ ರಾಜಸಿಂಹೇಶ್ವರ ಗುಡಿಯ, ಅಂದರೆ ಇಂದಿನ ಕೈಲಾಸನಾಥ ಗುಡಿಯ, ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಮರಳಿಸಿದ. ಹಾಗೆಂದು ಬರೆಸಿದ ಕನ್ನಡ ಶಾಸನ ಇವತ್ತಿಗೂ ತಮಿಳುನಾಡಿನ ಆ ಗುಡಿಯ ಕಂಬದ ಮೇಲಿದೆ. ಅವನ ರಾಣಿ ಲೋಕಮಹಾದೇವಿ ಆ ಗೆಲುವಿನ ನೆನಪಿಗೆ ಸುಮಾರು 740ರಲ್ಲಿ ಕಟ್ಟಿಸಿದ್ದೇ ಈ ವಿರೂಪಾಕ್ಷ ಗುಡಿ. ಇದರ ರೂಪದಲ್ಲಿ ಕಂಚಿಯ ಆ ಗುಡಿಯ ಹೋಲಿಕೆ ಕಾಣುತ್ತದೆ. ಸೋಲಿಸಿದವರ ಊರಿನಿಂದ ತಂದದ್ದು ಕಟ್ಟುವ ವಿದ್ಯೆಯನ್ನು! ಕಟ್ಟಿದ ಶಿಲ್ಪಿ ಗುಂಡನ ಹೆಸರೂ ಇಲ್ಲಿನ ಶಾಸನದಲ್ಲಿದೆ.

ನೋಟ್‌ಬುಕ್ಕಿನ ಐದನೆಯ ಇಸವಿ, 740, ಇಲ್ಲಿ ಬರೆಯಿರಿ. ಐದು ಇಸವಿಗಳಲ್ಲಿ ಸುಮಾರು ಇನ್ನೂರು ವರ್ಷದ ಕಥೆ ಮುಗಿಯಿತು.

ಮಹಾಕೂಟ, ಬನಶಂಕರಿ, ಐಹೊಳೆಯ ಉಳಿದ ಗುಡಿಗಳು ಉಳಿದೇ ಹೋದವಲ್ಲ ಎಂದು ಬೇಸರ ಬೇಡ. ಮರಳುವ ದಿನ ರೈಲು ತಡವಾಗಿದ್ದರೆ ಬನಶಂಕರಿಗೆ ಹೋಗಿಬನ್ನಿ. ಬಾದಾಮಿಯಿಂದ ಸುಮಾರು 5 ಕಿ.ಮೀ. ಅಷ್ಟೆ. ಮಿಕ್ಕವು ಮುಂದಿನ ರಜೆಗೂ ಅಲ್ಲೇ ಇರುತ್ತವೆ. ಶಾಲೆ ಶುರುವಾದಮೇಲೆ ಇತಿಹಾಸದ ಪಾಠದಲ್ಲಿ ಪುಲಕೇಶಿ ಬಂದಾಗ ಆ ನೋಟ್‌ಬುಕ್ ತೆಗೆದು ಅಜ್ಜಿಯ ಹತ್ತಿರ ಕುಳಿತುಕೊಳ್ಳಿ. ಪಾಠದಲ್ಲಿ ಇಲ್ಲದ ಒಂದೆರಡು ಮಾತು ಇಬ್ಬರಿಗೂ ಗೊತ್ತಿರುತ್ತದೆ.