ಹೈದರಾಬಾದಿನ ಪ್ರತ್ಯೇಕತೆಯೂ ಹಣದ ಭೀತಿಯೂ

ಸಾಲ ಕೊಡುವ ಸಾಹುಕಾರನು ಮೊದಲು ನೋಡುವುದು ಪತ್ರದ ಮೇಲಿನ ರುಜುವನ್ನು. ಅದು ನಾಳೆ ಸಲ್ಲುವುದೋ ಇಲ್ಲವೋ ಎಂಬ ಸಂಶಯ ಬಂದರೆ ಗಂಟು ಬಿಚ್ಚನು. ರಾಜ್ಯಗಳಿಗೂ ಇದೇ ನ್ಯಾಯವೆಂಬುದಕ್ಕೆ, ಭಾರತದಿಂದ ಬೇರೆ ನಿಲ್ಲಬಯಸಿದ ಹೈದರಾಬಾದೇ ನಿದರ್ಶನ.

1947ರ ನವೆಂಬರ್ 29ರಂದು ನಿಜಾಮರು ಭಾರತದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ ರುಜು ಹಾಕಿದರು. ಅದೇ ಸುಮಾರಿನಲ್ಲಿ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಗಳ ಸಾಲಪತ್ರಗಳನ್ನೂ ಒಪ್ಪಿಸಿದರು! ರಜಾಕಾರರ ಹಾವಳಿ ಹೆಚ್ಚಿತು. ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ತಾವರಗೇರಾ ಸೀಮೆಯ ಪಶ್ಚಿಮಕ್ಕೆ, ಮುಂಬಯಿ ಪ್ರಾಂತದ ಗಜೇಂದ್ರಗಡ, ಮುಂಡರಗಿಗಳಲ್ಲಿ ಹೋರಾಟಗಾರರ ಶಿಬಿರಗಳೆದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ನಾಯಕರು. ಎರಡು ಕಡೆಯಿಂದಲೂ ದಾಳಿ ನಡೆಯುವ ಗಡಿಯಲ್ಲಿ ವ್ಯಾಪಾರವೆಲ್ಲಿಯದು? ಭಾರತವು ಸರಕುಗಳನ್ನೂ ತಡೆಯಿತು.

ಹೊರನಾಡಿನ ಬಂಡವಾಳ ಬರುವ ಮಾತಿರಲಿ, ಮನೆಯ ಹಣವೇ ಹೊರಟಿತು. ಒಂದಿಷ್ಟು, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನು ಕರಾಚಿಯಿಂದ ಹಾರಿಸಿ ತಂದ ಆಯುಧಗಳಿಗೆ. ಇನ್ನು ಹತ್ತು ಲಕ್ಷ ಪೌಂಡು, 1948ರ ಸೆಪ್ಟೆಂಬರಿನಲ್ಲಿ, ಭಾರತದ ಸೈನ್ಯ ಒಳಹೊಕ್ಕ ದಿನಗಳಲ್ಲಿಯೇ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರರ ಲೆಕ್ಕಕ್ಕೆ ಸೇರಿತು. ತಮ್ಮ ಅಪ್ಪಣೆಯಿಲ್ಲದೆ ಹೋಯಿತೆಂದು ನಿಜಾಮರು ಹಿಂದಕ್ಕೆ ಕೇಳಿದರು. ಪಾಕಿಸ್ತಾನದ ಒಪ್ಪಿಗೆಯಿಲ್ಲದೆ ಕೊಡಲಾಗದೆಂದಿತು ಬ್ಯಾಂಕು. ಯಾರ ರುಜು ಸಲ್ಲತಕ್ಕದ್ದೆಂಬ ಈ ವ್ಯಾಜ್ಯ 2019ರ ಅಕ್ಟೋಬರಿನಲ್ಲಿ ಭಾರತಕ್ಕೂ ನಿಜಾಮರ ಮೊಮ್ಮಕ್ಕಳಿಗೂ ಅನುಕೂಲವಾಗಿ ತೀರ್ಮಾನವಾಯಿತು. ಅಷ್ಟರಲ್ಲಿ ಮೊತ್ತ ಸುಮಾರು ಮೂರೂವರೆ ಕೋಟಿ ಪೌಂಡಾಗಿದ್ದಿತು. ಅದನ್ನು ಬೇಡಿದ ನಿಜಾಮರು 1967ರಲ್ಲಿಯೇ ತೀರಿಕೊಂಡಿದ್ದರು.